ಬೀಸುಕಲ್ಲಿನ ಮುಂದೆ ಕುಳಿತ ಶೆವಲಿಯೆ

ಹಿಂದೆ ಎರಡು ವರ್ಷ ನಾನು ಊರುಗಳನ್ನು ಬರೆಯುತ್ತಿದ್ದೆ. ಅದೇ ನನ್ನ ಸಂಬಳದ ಕೆಲಸ. ಒಂದು ಕೋಶದ ಕಚೇರಿ. ಮೂರು ಮೇಜು, ಕಾಲು ಅಲುಗುವ ಒಂದು ಸ್ಟೂಲು, ಗೆದ್ದಲು ರುಚಿ ನೋಡಿಬಿಟ್ಟಿದ್ದ ಗೆಜೆಟಿಯರ್‌ಗಳ ಒಂದು ಕಪಾಟು. ಬೆಳಿಗ್ಗೆ ಹೋಗುವಷ್ಟರಲ್ಲಿ ಮೇಜಿನ ಮೇಲೆ ಚೀಟಿಗಳು ಕಾದಿರುತ್ತಿದ್ದವು, ಚೀಟಿಗೊಂದು ಊರು. ಜಿಲ್ಲಾ ಕೇಂದ್ರದಿಂದ ಎಷ್ಟು ದೂರ, ಯಾವ ನದಿಯ ದಂಡೆ, ಮುಖ್ಯ ಬೆಳೆ ಯಾವುದು, ಶಾಸನ ಉಂಟೇ, ಜಾತ್ರೆ ಯಾವ ತಿಂಗಳು. ಇಷ್ಟನ್ನೂ ನೂರು ಪದಗಳಲ್ಲಿ ಕಟ್ಟಿ ಸಂಜೆಯೊಳಗೆ ಸಂಪಾದಕರ ಮೇಜಿಗೆ ದಾಟಿಸಬೇಕು. ನಾಲ್ಕು ಊರು ಬರೆದರೆ ಒಳ್ಳೆಯ ದಿನ. ಐದು ಬರೆದ ದಿನ ರಾತ್ರಿ ಕಣ್ಣು ಮುಚ್ಚಿದರೂ ಭತ್ತ, ಜೋಳ, ಕಬ್ಬು ಎಂದು ಸಾಲು ಸಾಲಾಗಿ ಮೆರವಣಿಗೆ ಹೋಗುತ್ತಿತ್ತು.

ಒಮ್ಮೆ ಒಂದು ಸಣ್ಣ ಊರಿನ ನಮೂದಿನಲ್ಲಿ ಒಂದು ವಾಕ್ಯ ಹೆಚ್ಚಿಗೆ ಸೇರಿಸಿದೆ. ಆ ಊರಿನಲ್ಲಿ ಕಣ್ಣು ಕಾಣದ ಒಬ್ಬ ಮುದುಕ ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದ. ಸುತ್ತಲಿನ ನಾಲ್ಕು ತಾಲೂಕಿನ ನಾಟಕ ಮಂಡಳಿಗಳು ಅವನ ಮನೆಗೇ ಪೆಟ್ಟಿಗೆ ಹೊತ್ತು ತರುತ್ತಿದ್ದವು. ಹೆಸರು ಹಾಕಿರಲಿಲ್ಲ, ಸುಮ್ಮನೆ ಒಂದು ಸಾಲು. ಚೀಟಿ ಮರಳಿ ಬಂದಾಗ ಆ ಸಾಲಿನ ಮೇಲೆ ಕೆಂಪು ಗೀಟು, ಪಕ್ಕದಲ್ಲಿ ಮುತ್ತಿನಂಥ ಅಕ್ಷರ: ‘ಇದು ಊರು. ವ್ಯಕ್ತಿಯಲ್ಲ.’

ಆ ದಿನಗಳಲ್ಲಿ ನನ್ನ ಸಂಜೆಯ ಓದು ದಿದರೋ. ಹದಿನೆಂಟನೆಯ ಶತಮಾನದ ಫ್ರಾನ್ಸು ಎಂದರೆ ನಮ್ಮ ಪಠ್ಯಪುಸ್ತಕಗಳಿಗೆ ವೋಲ್ಟೇರ್ ಮತ್ತು ರೂಸೋ. ಮೂರನೆಯ ಹೆಸರಿಗೆ ಪುಟ ಸಾಲದು. ನನಗೆ ಮಾತ್ರ ಈ ಮೂರನೆಯವನೇ ಮೆಚ್ಚಿನವನು. ಲಾಂಗ್ರ್ ಎಂಬ ಊರಿನಲ್ಲಿ ಚಾಕು, ಕತ್ತಿ ಮಾಡುವವನ ಮಗ. 1749ರಲ್ಲಿ, ಕುರುಡರ ಬಗ್ಗೆ ಬರೆದ ಪುಸ್ತಕವೊಂದರಲ್ಲಿ ದೇವರನ್ನು ಕೆಣಕಿದ್ದಕ್ಕೆ ವಾನ್ಸೆನ್ ಕೋಟೆಯಲ್ಲಿ ಮೂರು ತಿಂಗಳಿಗಿಂತ ಹೆಚ್ಚು ಸೆರೆಯಲ್ಲಿದ್ದ. ಹೊರಬಂದವನು ಬಾಯಿ ಮುಚ್ಚಿಕೊಳ್ಳುವ ಬದಲು, ಎರಡು ವರ್ಷ ಕಳೆಯುವಷ್ಟರಲ್ಲಿ ಮಹಾ ವಿಶ್ವಕೋಶದ ಮೊದಲ ಸಂಪುಟವನ್ನು ಹೊರತಂದ. ಕಾಲುಚೀಲ ಹೆಣೆಯುವ ಯಂತ್ರದ ಬಗ್ಗೆ ಅವನು ಬರೆದ ದೀರ್ಘ ಲೇಖನವೊಂದು ಆ ಕೋಶದ ಎರಡನೆಯ ಸಂಪುಟದಲ್ಲಿದೆ. ಪಂಡಿತರು ಆತ್ಮದ ಬಗ್ಗೆ ಜಗಳವಾಡುತ್ತಿದ್ದ ಕಾಲದಲ್ಲಿ, ಹೊಲಿಗೆ ಹೇಗೆ ಕೂಡಿಕೊಳ್ಳುತ್ತದೆ, ಯಾವ ಸೂಜಿ ಯಾವಾಗ ಹಿಂದೆ ಸರಿಯುತ್ತದೆ ಎಂಬುದು ತತ್ತ್ವಶಾಸ್ತ್ರದಷ್ಟೇ ಗೌರವದ ವಿಷಯ ಎಂದು ತಿಳಿದ ಬರಹಗಾರ. ಕೈಕೆಲಸದವರ ಮನೆಯಲ್ಲಿ ಹುಟ್ಟಿದವನಿಗೆ ಮಾತ್ರ ಬರುವ ಬುದ್ಧಿ ಅದು ಎಂದು ಆಗ ನನ್ನ ಎಣಿಕೆ.

ಆಮೇಲೆ ಅವನ ಕಾಗದಗಳನ್ನು ಓದಿದೆ. ಗೆಳತಿ ಸೋಫಿ ವೋಲಾನ್‌ಗೆ ಬರೆದವು. ಜಗತ್ತಿನ ಅತ್ಯಂತ ಸೊಗಸಾದ ಕಾಗದಗಳಲ್ಲಿ ಅವಕ್ಕೆ ಜಾಗವಿದೆ, ಅನುಮಾನ ಬೇಡ. 1760ರ ಒಂದು ಕಾಗದದಲ್ಲಿ ಜೋಕೂರ್ ಎಂಬ ಸಹಾಯಕನ ಮಾತು ಬರುತ್ತದೆ. ಆರೇಳು ವರ್ಷಗಳಿಂದ ಈ ಮನುಷ್ಯ ನಾಲ್ಕಾರು ಲಿಪಿಕಾರರ ನಡುವೆ ಕುಳಿತು ಓದುತ್ತಾನೆ, ಬರೆಯುತ್ತಾನೆ, ಹೇಳಿ ಬರೆಸುತ್ತಾನೆ, ದಿನಕ್ಕೆ ಹದಿಮೂರು ಹದಿನಾಲ್ಕು ಗಂಟೆ. ಲೇಖನ ಬೀಸಿ ಬೀಸಿ ಅವನಿಗೆ ಬೇಸರವಾದೀತೆಂಬ ಭಯ ಬೇಡ, ದೇವರು ಅವನನ್ನು ಅದಕ್ಕೆಂದೇ ಮಾಡಿದ್ದಾನೆ. ದಿದರೋ ಬರೆದದ್ದರ ಭಾವ ಇದು.

ಬೀಸುವುದು ಎಂಬ ಪದ ನನ್ನದಲ್ಲ, ಅವನದೇ. ಫ್ರೆಂಚಿನಲ್ಲಿ ಕಾಳು ಬೀಸುವುದಕ್ಕೆ ಇರುವ ಕ್ರಿಯಾಪದವನ್ನೇ ಹಾಕಿದ್ದಾನೆ. ಅಂದು ನಾಲ್ಕು ಊರು ಬೀಸಿ ಮನೆಗೆ ಬಂದಿದ್ದ ನನಗೆ ಕೆನ್ನೆಗೆ ಬಾರಿಸಿದಂತಾಯಿತು. ದಿದರೋನಿಗೆ ಇದು ನಗೆಯ ಮಾತು. ನನ್ನ ಅಜ್ಜಿ ಕೋಳಿ ಕೂಗುವ ಮೊದಲೇ ಎದ್ದು ರಾಗಿ ಬೀಸುತ್ತಿದ್ದವಳು. ಕಲ್ಲಿನ ಮುಂದೆ ಕುಳಿತರೆ ಪದ ತಾನಾಗಿ ಬರುತ್ತದೆ, ಪದ ಬಂದರೆ ಕಲ್ಲು ಹಗುರಾಗುತ್ತದೆ ಎನ್ನುತ್ತಿದ್ದಳು. ನಮ್ಮ ಭಾಷೆಯಲ್ಲಿ ಬೀಸುವುದಕ್ಕೆ ಹಾಡುಗಳೇ ಇವೆ. ಜೋಕೂರ್ ಬೀಸುವಾಗ ಏನು ಹಾಡಿಕೊಳ್ಳುತ್ತಿದ್ದ ಎಂದು ಹುಡುಕಲು ಹೊರಟದ್ದು ಅಲ್ಲಿಂದ.

ಲೂಯಿ ದ ಜೋಕೂರ್ ಹುಟ್ಟಿದ್ದು 1704ರಲ್ಲಿ, ಪ್ಯಾರಿಸಿನಲ್ಲಿ, ಹಳೆಯ ಸರದಾರ ಮನೆತನದಲ್ಲಿ. ಪ್ರಾಟೆಸ್ಟೆಂಟ್ ಬೇರಿನ ಮನೆ. ಆ ಮತದವರಿಗಿದ್ದ ರಕ್ಷಣೆಯನ್ನು 1685ರಲ್ಲೇ ರಾಜ ಹಿಂತೆಗೆದುಕೊಂಡಿದ್ದ, ಆದ್ದರಿಂದ ಓದಿಗೆ ಹುಡುಗನನ್ನು ಗಡಿಯಾಚೆ ಕಳುಹಿಸಿದರು. ಜಿನೀವಾದಲ್ಲಿ ದೇವತಾಶಾಸ್ತ್ರ, ಕೇಂಬ್ರಿಜ್‌ನಲ್ಲಿ ಗಣಿತ ಮತ್ತು ಪ್ರಕೃತಿ ವಿಜ್ಞಾನ, ಹಾಲೆಂಡಿನ ಲೈಡನ್‌ನಲ್ಲಿ ಯುರೋಪಿಗೇ ಹೆಸರಾಗಿದ್ದ ಬೋರ್‌ಹಾವ ಎಂಬ ಗುರುವಿನ ಕೈಕೆಳಗೆ ವೈದ್ಯ. 1734ರಲ್ಲಿ ಲೈಬ್‌ನಿಟ್ಸ್‌ನ ಜೀವನ ಚರಿತ್ರೆ ಪ್ರಕಟಿಸಿದಾಗ ಮುಖಪುಟದಲ್ಲಿ ತನ್ನ ಹೆಸರು ಹಾಕಲಿಲ್ಲ, ಸುಳ್ಳು ಹೆಸರು ಹಾಕಿದ. ಸರದಾರರ ಮನೆಯವನು ಪುಸ್ತಕ ಬರೆದು ಮಾರುವುದೆಂದರೆ ಮನೆತನಕ್ಕೆ ಮುಜುಗರ. ಶೆವಲಿಯೆ ಎಂಬುದು ಕುದುರೆ ಏರುವವರ ಬಿರುದು; ಈತ ಜೀವಮಾನವಿಡೀ ಏರಿದ್ದು ಮರದ ಕುರ್ಚಿಯನ್ನು.

ವೈದ್ಯನಾದರೂ ವೈದ್ಯದಿಂದ ಹೊಟ್ಟೆ ಹೊರೆಯಲಿಲ್ಲ. ಬದಲಿಗೆ ಲ್ಯಾಟಿನ್‌ನಲ್ಲಿ ವೈದ್ಯಕೀಯಕ್ಕೆ ಒಂದು ಸಮಗ್ರ ನಿಘಂಟು ಬರೆಯಲು ಕುಳಿತ. ಒಬ್ಬನೇ. ಸುಮಾರು ಇಪ್ಪತ್ತು ವರ್ಷದ ದುಡಿಮೆ. ಆರು ದೊಡ್ಡ ಸಂಪುಟಗಳಾದವು. ಆಂಸ್ಟರ್‌ಡ್ಯಾಮಿನ ಮುದ್ರಕನೊಬ್ಬ ಒಪ್ಪಿದ್ದ. ಕೈಬರಹದ ಆ ಆರೂ ಸಂಪುಟಗಳನ್ನು ಹಡಗಿಗೆ ಹಾಕಿ ಕಳುಹಿಸಿದ. ಹಾಲೆಂಡಿನ ತೀರದಲ್ಲಿ ಹಡಗು ಮುಳುಗಿತು.

ಬೇರೆ ಪ್ರತಿ ಇರಲಿಲ್ಲ.

ಇದನ್ನು ಮೊದಲು ಓದಿದ ರಾತ್ರಿ ನಾನು ಮಾಡಿದ ಮೂರ್ಖ ಕೆಲಸ ಹೇಳಿಬಿಡುತ್ತೇನೆ: ಎದ್ದು ಹೋಗಿ ನನ್ನ ಕಂಪ್ಯೂಟರಿನಲ್ಲಿದ್ದ ಎಲ್ಲ ಕಡತಗಳಿಗೂ ಇನ್ನೊಂದು ಪ್ರತಿ ಮಾಡಿದೆ, ಅದರಲ್ಲಿ ಹಳೆಯ ಮದುವೆಯ ಆಮಂತ್ರಣ ಪತ್ರಗಳೂ ಇದ್ದವು. ನಲವತ್ತು ದಾಟಿದ ಮನುಷ್ಯ, ಯೌವನದ ಇಪ್ಪತ್ತು ವರ್ಷ ನೀರುಪಾಲಾದ ಸುದ್ದಿ ಕೇಳಿ ಏನು ಮಾಡುತ್ತಾನೆ? ಕುಡಿಯಬಹುದು, ಕಾಡಿಗೆ ಹೋಗಬಹುದು. ಜೋಕೂರ್ ದಿದರೋನ ವಿಶ್ವಕೋಶದ ಪ್ರಕಟಣೆ ನೋಡಿ, ನಾನೂ ಬರೆದುಕೊಡಲೇ ಎಂದು ಕೇಳಿದ. ಎರಡನೆಯ ಸಂಪುಟದಿಂದ ಅವನ ಲೇಖನಗಳು ಶುರುವಾಗುತ್ತವೆ. ಮುಳುಗಿದ ನಿಘಂಟಿನಿಂದ ನೆನಪಿಗೆ ಬಂದದ್ದನ್ನು ಆರಂಭದಲ್ಲಿ ಬರೆದಿರಬೇಕು, ಅಂಗರಚನೆ, ರೋಗ, ಗಿಡಮೂಲಿಕೆ. ಬಳಿಕ ಯಾವ ವಿಷಯ ಕೊಟ್ಟರೂ ಸೈ.

ವಿಶ್ವಕೋಶದ ಕಥೆಯನ್ನು ಇಲ್ಲಿ ಪೂರ್ತಿ ಹೇಳುವುದಿಲ್ಲ. ಅದು ಪ್ರಸಿದ್ಧ, ಮತ್ತು ಹೇಳುವವರೆಲ್ಲ ಅದನ್ನು ದಿದರೋನ ಕಥೆಯಾಗಿಯೇ ಹೇಳುತ್ತಾರೆ. ಚೇಂಬರ್ಸ್ ಎಂಬ ಇಂಗ್ಲಿಷ್ ಗೃಹಸ್ಥನ ಎರಡು ಸಂಪುಟಗಳ ಅನುವಾದವಾಗಬೇಕಿದ್ದದ್ದು ಉಬ್ಬಿ ಉಬ್ಬಿ ಹದಿನೇಳು ಸಂಪುಟಗಳ ಬರಹ, ಹನ್ನೊಂದು ಸಂಪುಟಗಳ ಚಿತ್ರವಾಯಿತು. 1752ರಲ್ಲಿ ಮೊದಲ ನಿಷೇಧ. ಆಗ ಪುಸ್ತಕ ವ್ಯಾಪಾರದ ಮೇಲೆ ಕಣ್ಣಿಡಬೇಕಾಗಿದ್ದ ರಾಜನ ಅಧಿಕಾರಿ ಮಾಲ್ಜೆರ್ಬ್, ತಾನೇ ಜಪ್ತಿ ಮಾಡಬೇಕಿದ್ದ ಕಾಗದಪತ್ರಗಳನ್ನು ತನ್ನ ಮನೆಯಲ್ಲೇ ಬಚ್ಚಿಟ್ಟುಕೊಂಡ. ಬೇಲಿಯೇ ಎದ್ದು ಹೊಲ ಕಾಯ್ದ ಅಪರೂಪದ ಪ್ರಸಂಗ. ನಿಜವಾದ ಪೆಟ್ಟು 1759ರಲ್ಲಿ ಬಿತ್ತು. ಏಳು ಸಂಪುಟ ಬಂದಿದ್ದವು. ಅನುಮತಿಯನ್ನೇ ರಾಜನ ಸಭೆ ರದ್ದು ಮಾಡಿತು, ಅದೇ ವರ್ಷ ಪೋಪ್ ಕೂಡ ಖಂಡಿಸಿದ. ಜೊತೆ ಸಂಪಾದಕ ದಾಲಂಬೇರ್ ಅದಕ್ಕೂ ಮುಂಚೆಯೇ ಕೈ ತೊಳೆದುಕೊಂಡಿದ್ದ. ಹೆಸರಾಂತ ಲೇಖಕರು ಒಬ್ಬೊಬ್ಬರೇ ಜಾರಿದರು.

ಉಳಿದವರು ಯಾರು? ಮುಂದಿನ ಆರು ವರ್ಷ ಕದ ಮುಚ್ಚಿ, ಸದ್ದಿಲ್ಲದೆ ಉಳಿದ ಹತ್ತು ಸಂಪುಟಗಳನ್ನು ತಯಾರಿಸಿದ್ದು ಮುಖ್ಯವಾಗಿ ಇಬ್ಬರು. ಅವುಗಳಲ್ಲಿ ದಿದರೋ ಕೂಡ ಜೋಕೂರ್‌ನ ಮುಂದೆ ಲೆಕ್ಕಕ್ಕೆ ಕಡಿಮೆ. ಇಡೀ ಕೋಶದ ಸುಮಾರು 72,000 ನಮೂದುಗಳಲ್ಲಿ 17,000ಕ್ಕಿಂತ ಹೆಚ್ಚು ಜೋಕೂರ್‌ನವು, ಅಂದರೆ ಹತ್ತಿರಹತ್ತಿರ ಕಾಲುಭಾಗ. ಆ ಗುಟ್ಟಿನ ವರ್ಷಗಳಲ್ಲಿ ದಿನಕ್ಕೆ ಸರಾಸರಿ ಎಂಟು ಲೇಖನ ಎಂದು ಲೆಕ್ಕ ಹಾಕಿದವರು ಹೇಳುತ್ತಾರೆ. ನಾಲ್ಕು ಊರಿಗೆ ಬೀಗುತ್ತಿದ್ದ ನನ್ನ ತಲೆ ಇಲ್ಲಿ ತಗ್ಗುತ್ತದೆ. ಅವನು ಸಂಬಳ ಪಡೆಯಲಿಲ್ಲ. ಲಿಪಿಕಾರರ ಕೂಲಿ ಅವನ ಕೈಯಿಂದಲೇ ಹೋಗುತ್ತಿತ್ತು. ಅದು ಸಾಲದಾದಾಗ ಪ್ಯಾರಿಸಿನ ತನ್ನ ಮನೆಯೊಂದನ್ನು ಮಾರಿದ. ಕೊಂಡವನು ಲ ಬ್ರೆತೋನ್, ಅದೇ ವಿಶ್ವಕೋಶದ ಮುದ್ರಕ. ಅಂದರೆ ಜೋಕೂರ್‌ನ ಬಿಟ್ಟಿ ದುಡಿತದಿಂದ ಗಳಿಸಿದ ದುಡ್ಡಿನಲ್ಲಿ ಜೋಕೂರ್‌ನ ಮನೆಯನ್ನೇ ಕೊಂಡುಕೊಂಡ.

ಇದೇ ಮಹಾನುಭಾವ ದಿದರೋನ ಬೆನ್ನ ಹಿಂದೆ ಇನ್ನೊಂದು ಕೆಲಸವನ್ನೂ ಮಾಡುತ್ತಿದ್ದ. ಕರಡಚ್ಚಿಗೆ ಸಂಪಾದಕನ ರುಜು ಬಿದ್ದ ಮೇಲೆ, ಅಪಾಯ ಎನಿಸಿದ ಸಾಲುಗಳನ್ನು ರಾತ್ರೋರಾತ್ರಿ ಕತ್ತರಿಸಿ ಮುದ್ರಿಸುತ್ತಿದ್ದ. 1764ರಲ್ಲಿ ಯಾವುದೋ ಕಾರಣಕ್ಕೆ ತನ್ನದೇ ಲೇಖನವೊಂದನ್ನು ತೆರೆದು ನೋಡಿದಾಗಷ್ಟೇ ದಿದರೋನಿಗೆ ಗೊತ್ತಾಯಿತು. ಅವನು ಲ ಬ್ರೆತೋನ್‌ಗೆ ಬರೆದ ಕಾಗದದಲ್ಲಿ ಸಿಟ್ಟು, ಕಣ್ಣೀರು ಎರಡೂ ಇವೆ. ನನ್ನ ಹಾರ್ಮೋನಿಯಂ ಸಾಲಿನ ಮೇಲೆ ಬಿದ್ದದ್ದು ಕಣ್ಣಿಗೆ ಕಾಣುವ ಕೆಂಪು ಗೀಟು. ಅಷ್ಟರ ಮಟ್ಟಿಗೆ ನನ್ನ ಸಂಪಾದಕರು ಪ್ರಾಮಾಣಿಕರು.

ಈಗ ಆ 17,000 ಲೇಖನಗಳ ಮಾತು. ಷಿಕಾಗೋ ವಿಶ್ವವಿದ್ಯಾಲಯದವರು ಇಡೀ ವಿಶ್ವಕೋಶವನ್ನು ಅಂತರ್ಜಾಲದಲ್ಲಿ ಇಟ್ಟಿದ್ದಾರೆ, ಮಿಷಿಗನ್‌ನವರು ಅದರ ಇಂಗ್ಲಿಷ್ ಅನುವಾದ ನಡೆಸಿಕೊಂಡು ಬಂದಿದ್ದಾರೆ. ನನ್ನ ಫ್ರೆಂಚ್ ಕುಂಟು ಫ್ರೆಂಚ್. ಆದರೂ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಎಷ್ಟೋ ರಾತ್ರಿ ಕಳೆದಿದ್ದೇನೆ. ಸತ್ಯ ಹೇಳಬೇಕೆಂದರೆ ಬಹುಪಾಲು ನೀರಸ. ಬೇರೆ ಬೇರೆ ಪುಸ್ತಕಗಳಿಂದ ಎತ್ತಿ, ಒಪ್ಪ ಮಾಡಿ, ಜೋಡಿಸಿದ್ದು. ಮಾಂಟೆಸ್ಕ್ಯೂನಿಂದಂತೂ ಕೈತುಂಬ ಎತ್ತಿದ್ದಾನೆ. ಆಗ ಸಂಗ್ರಹ ಕಳ್ಳತನವಲ್ಲ, ಗೌರವದ ಕಸುಬು; ಆದರೂ ಹತ್ತು ಲೇಖನ ಒಟ್ಟಿಗೆ ಓದಿದರೆ ಹಿಟ್ಟಿನ ದೂಳು ಮೂಗಿಗೆ ಏರಿದಂತಾಗುತ್ತದೆ. ದಿದರೋ ಯಾವ ವಿಷಯ ಹಿಡಿದರೂ ಮೂರನೆಯ ಸಾಲಿಗೆ ಜೀವ ಬರುತ್ತದೆ, ಜೋಕೂರ್‌ನಲ್ಲಿ ಮೂವತ್ತನೆಯ ಸಾಲಿಗೂ ಬರುವುದಿಲ್ಲ. ಪ್ರತಿಭೆಯ ಲೆಕ್ಕದಲ್ಲಿ ನಾನು ಈಗಲೂ ದಿದರೋನ ಕಡೆಯೇ.

ಆದರೆ ಬೀಸುವವನು ನಡುವೆ ತಲೆಯೆತ್ತುವ ಗಳಿಗೆಗಳಿವೆ.

1756ರ ಆರನೆಯ ಸಂಪುಟದಲ್ಲಿ ಹೆಂಗಸಿನ ಬಗ್ಗೆ ಇರುವ ನಮೂದುಗಳಲ್ಲಿ ಒಂದು ಅವನದು. ಗಂಡನ ಅಧಿಕಾರ ಪ್ರಕೃತಿಯೇ ಕೊಟ್ಟದ್ದು ಎಂದು ಸಾಧಿಸುವುದು ಕಷ್ಟ, ಮನುಷ್ಯರೆಲ್ಲ ಹುಟ್ಟಿನಿಂದ ಸಮಾನರು ಎಂಬ ತತ್ತ್ವಕ್ಕೇ ಅದು ವಿರುದ್ಧ ಎಂದು ಶಾಂತವಾಗಿ ಬರೆಯುತ್ತಾನೆ. ಇನ್ನೊಂದು, 1765ರ ಹದಿನಾರನೆಯ ಸಂಪುಟದಲ್ಲಿ, ಗುಲಾಮರ ವ್ಯಾಪಾರದ ಬಗ್ಗೆ. ಆಫ್ರಿಕಾದ ಜನರನ್ನು ಕೊಂಡು ತೋಟಗಳಿಗೆ ಸಾಗಿಸುವ ಈ ವ್ಯವಹಾರ ಧರ್ಮ, ನೀತಿ, ನಿಸರ್ಗದ ಕಾನೂನು ಎಲ್ಲವನ್ನೂ ಮುರಿಯುತ್ತದೆ. ಕೊಂಡವನಿಗೆ ಹಕ್ಕಿಲ್ಲ, ಮಾರಿದವನಿಗೂ ಇರಲಿಲ್ಲ, ಆದ್ದರಿಂದ ಮಾರಾಟವಾದವನು ಯಾವ ಗಳಿಗೆಯಲ್ಲೂ ಸ್ವತಂತ್ರನೇ. ವಸಾಹತುಗಳು ಹಾಳಾಗುತ್ತವಲ್ಲ ಎನ್ನುವವರಿಗೆ ಅವನ ಉತ್ತರ: ಇಷ್ಟು ಜನರನ್ನು ದುಃಖಕ್ಕೆ ದೂಡುವುದಕ್ಕಿಂತ ಯುರೋಪಿನ ವಸಾಹತುಗಳೇ ನಾಶವಾಗಲಿ. ಈ ವಾದದ ಬಹುಭಾಗ ಜಾರ್ಜ್ ವ್ಯಾಲೇಸ್ ಎಂಬ ಸ್ಕಾಟ್ಲೆಂಡಿನ ನ್ಯಾಯವಾದಿಯ ಪುಸ್ತಕದಿಂದ ಎತ್ತಿದ್ದು. ಎತ್ತಿದ್ದಾದರೆ ಏನಾಯಿತು? ಇದೇ ವಿಶ್ವಕೋಶದ ಹನ್ನೊಂದನೆಯ ಸಂಪುಟದಲ್ಲಿ, ಕಬ್ಬಿನ ದ್ವೀಪಗಳಲ್ಲಿ ಗುಲಾಮರಿಂದ ಕೆಲಸ ತೆಗೆಯುವುದು ಹೇಗೆಂದು ಬೇರೊಬ್ಬ ಲೇಖಕ ತಣ್ಣಗೆ ವಿವರಿಸಿದ್ದಾನೆ. ಎಲ್ಲಿಂದ ಎತ್ತಬೇಕು, ಯಾವುದನ್ನು ಎತ್ತಬೇಕು ಎನ್ನುವುದರಲ್ಲೂ ಮನುಷ್ಯ ಕಾಣುತ್ತಾನೆ. ಕಾಳು ಬೇರೆಯವರ ಹೊಲದ್ದೇ ಇರಬಹುದು, ಕಲ್ಲು ಕಡ್ಡಿ ಆರಿಸಿದ ಕೈ ಇವನದು.

ನನಗೆ ತೀರ ಇಷ್ಟವಾದದ್ದು ಅವನ ಒಂದು ಕಳ್ಳದಾರಿ. ಆ ವಿಶ್ವಕೋಶ ವಿದ್ಯೆ, ಕಲೆ, ಕಸುಬುಗಳದು. ವ್ಯಕ್ತಿಗಳಿಗೆ ಅದರಲ್ಲಿ ನಮೂದು ಇಲ್ಲ. ರಾಜರಿಗಿಲ್ಲ, ಸಂತರಿಗಿಲ್ಲ, ಕವಿಗಳಿಗೂ ಇಲ್ಲ. ಊರುಗಳಿಗೆ ಮಾತ್ರ ಇದೆ. ಸರಿ, ಜೋಕೂರ್ ಊರು ಬರೆಯಲು ಕುಳಿತ. ಸ್ಟ್ರಾಟ್‌ಫರ್ಡ್ ಎಂದು ಶುರು ಮಾಡುತ್ತಾನೆ, ಇಂಗ್ಲೆಂಡಿನ ಒಂದು ಸಣ್ಣ ಪೇಟೆ ಎನ್ನುತ್ತಾನೆ, ಎರಡು ಸಾಲು ಕಳೆಯುವಷ್ಟರಲ್ಲಿ ಶೇಕ್ಸ್‌ಪಿಯರ್ ಬಂದು ಕುಳಿತು ಪುಟಗಟ್ಟಲೆ ಏಳುವುದೇ ಇಲ್ಲ. ಕೊನೆಯ ಸಂಪುಟದಲ್ಲಿ ವುಲ್ಸ್‌ತೋರ್ಪ್ ಎಂಬ, ಭೂಪಟದಲ್ಲೂ ಹುಡುಕಬೇಕಾದ ಹಳ್ಳಿಗೆ ಉದ್ದನೆಯ ಲೇಖನ. ಹಳ್ಳಿಯ ಬಗ್ಗೆ ಹೇಳಲು ಏನೂ ಇಲ್ಲ, ಇರುವುದೆಲ್ಲ ಅಲ್ಲಿ ಹುಟ್ಟಿದ ನ್ಯೂಟನ್. ಹೀಗೆ ಊರೂರಿನ ಚಾವಡಿಯಲ್ಲಿ ಒಬ್ಬೊಬ್ಬ ಪಂಡಿತ, ಕವಿ, ಚಿತ್ರಕಾರನನ್ನು ಅಡಗಿಸಿ ಕೂರಿಸಿದ. ಇದನ್ನು ಓದಿದಾಗ ನನ್ನ ಹಾರ್ಮೋನಿಯಂ ಮುದುಕ ನೆನಪಾಗಿ ಒಬ್ಬನೇ ನಕ್ಕೆ. ಇದು ಊರು, ವ್ಯಕ್ತಿಯಲ್ಲ ಎಂದು ಬರೆಯಲು ಇನ್ನೂರೈವತ್ತು ವರ್ಷ ತಡವಾಗಿತ್ತು.

ವಿಶ್ವಕೋಶ ಎಂದರೆ ಫ್ರಾನ್ಸು ಎಂದುಕೊಳ್ಳುವವರಿಗೆ ಒಂದು ಮಾತು. ಅದೇ ಶತಮಾನದ ಬಾಗಿಲಲ್ಲಿ, 1709ರಲ್ಲಿ, ಮಲೆನಾಡಿನ ಕೆಳದಿಯ ಅರಸು ಬಸವಪ್ಪ ನಾಯಕ ‘ಶಿವತತ್ತ್ವರತ್ನಾಕರ’ ಎಂಬ ಸಂಸ್ಕೃತ ಕೋಶವನ್ನು ಮುಗಿಸಿದ. ಮಗ ಕೇಳುತ್ತಾನೆ, ತಂದೆ ಹೇಳುತ್ತಾನೆ: ಭೂಗೋಳ, ರಾಜನೀತಿ, ವೈದ್ಯ, ಸಂಗೀತ, ಅಡುಗೆ, ರತ್ನಪರೀಕ್ಷೆ, ತನ್ನ ಮನೆತನದ ಇತಿಹಾಸ. ಹೆಸರು ಅರಸನದು. ಅಂಥ ಕೆಲಸದ ಹಿಂದೆ ಓಲೆಗರಿ ಹುಡುಕಿ ಸಾರ ತೆಗೆದುಕೊಟ್ಟ ಪಂಡಿತರು ಇರದಿರಲು ಸಾಧ್ಯವೇ ಎಂದು ಆ ಗ್ರಂಥ ಕಂಡಾಗಲೆಲ್ಲ ಅನ್ನಿಸುತ್ತದೆ. ಜೋಕೂರ್‌ಗೆ ಆ ಮಟ್ಟಿಗೆ ಅದೃಷ್ಟವಿತ್ತು. ಲೇಖನದ ಕೊನೆಯಲ್ಲಿ ಎರಡು ಅಕ್ಷರ ಹಾಕಿಕೊಳ್ಳುತ್ತಿದ್ದ, ದ ಮತ್ತು ಜೊ. ಅವು ಇರುವುದರಿಂದಲೇ ಇವತ್ತು ಎಣಿಸಲು ಆಗುತ್ತದೆ.

ದಿದರೋನ ಆ ಕಾಗದಕ್ಕೆ ಮರಳುತ್ತೇನೆ. ಅದರಲ್ಲಿ ಇನ್ನೂ ಒಂದು ಸಾಲಿದೆ, ಮೊದಲ ಓದಿನಲ್ಲಿ ಸಿಟ್ಟಿನ ಭರದಲ್ಲಿ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಕೆಲಸ ಮುಗಿಯುತ್ತ ಬಂತು, ಮುಗಿಸಲೇಬೇಕು ಎಂದು ಹೇಳಿದಾಗ ಆತನ ಮುಖ ಹೇಗೆ ಜೋತುಬೀಳುತ್ತದೆ ನೀನು ನೋಡಬೇಕು, ನಿಜಕ್ಕೂ ದುಃಖಿತನಂತೆ ಕಾಣುತ್ತಾನೆ ಎಂದು ಸೋಫಿಗೆ ಬರೆಯುತ್ತಾನೆ. ದಿದರೋನಿಗೆ ಇದೂ ತಮಾಷೆ. ಎಷ್ಟು ಬೀಸಿದರೂ ಸಾಕಾಗದ ಮನುಷ್ಯ!

ಆ ಜೋತುಬಿದ್ದ ಮುಖವನ್ನು ನಾನು ಬಹಳ ದಿನ ಯೋಚಿಸಿದ್ದೇನೆ. ಹಿಂದೊಮ್ಮೆ ಈ ಮನುಷ್ಯ ಒಂದು ಕೆಲಸ ಮುಗಿಸಿದ್ದ. ಮುಗಿಸಿ, ಗಂಟು ಕಟ್ಟಿ, ಹಡಗಿಗೆ ಹಾಕಿದ್ದ. ಬರೆಯುತ್ತಿರುವ ತನಕ ಬರಹ ಮೇಜಿನ ಮೇಲೆ ಇರುತ್ತದೆ, ಕೈಗೆ ಸಿಗುತ್ತದೆ. ಮುಗಿದ ದಿನ ಅದು ನೀರಿಗೆ ಇಳಿಯುತ್ತದೆ. ಅವನು ಬೀಸುವಾಗ ಏನು ಹಾಡಿಕೊಳ್ಳುತ್ತಿದ್ದ ಎಂದು ಕೇಳಿಕೊಂಡಿದ್ದೆನಲ್ಲ. ಇಷ್ಟು ವರ್ಷಕ್ಕೆ ನನಗೆ ಸಿಕ್ಕ ಉತ್ತರ ಇದೊಂದೇ, ಮುಗಿಯದಿರಲಿ, ಮುಗಿಯದಿರಲಿ.

ಮುಗಿಯಿತು. 1765ರಲ್ಲಿ ಹತ್ತೂ ಸಂಪುಟಗಳು ಸಿದ್ಧವಾದವು. ಪ್ಯಾರಿಸಿನಲ್ಲಿ ಅಚ್ಚಾದದ್ದನ್ನು ಮರೆಸಲು ಮುಖಪುಟದಲ್ಲಿ ಸ್ವಿಸ್ ಊರೊಂದರ ಹೆಸರು ಹಾಕಿದರು. ಎಂಟನೆಯ ಸಂಪುಟದ ಆರಂಭದಲ್ಲಿ ದಿದರೋ ಓದುಗರಿಗೆ ಒಂದು ಮಾತು ಬರೆದ. ಅಲ್ಲಿ ತಮಾಷೆ ಇಲ್ಲ. ತನ್ನ ಬಾಳಿನ ಇಪ್ಪತ್ತು ವರ್ಷಗಳನ್ನು ಇಟ್ಟ ಕೆಲಸದ ಕೊನೆಯಲ್ಲಿ ನಿಂತು ಅವನು ಜೋಕೂರ್‌ನಿಗೆ ಸಲ್ಲಬೇಕಾದ್ದನ್ನು ಸಲ್ಲಿಸುತ್ತಾನೆ: ಕತ್ತಲ ರಾತ್ರಿಯಲ್ಲಿ ಆಕಾಶಕ್ಕೂ ನೀರಿಗೂ ನಡುವೆ ದಾರಿ ತಪ್ಪಿ ಅಲೆದ ನಾವಿಕ ನೆಲ ಕಂಡಾಗ ಕೂಗುವ ಹರ್ಷದ ಕೂಗನ್ನು ಇಂದು ನಾವು ಕೂಗಿದ್ದರೆ, ಅದು ಶೆವಲಿಯೆ ದ ಜೋಕೂರ್ ಅವರಿಂದ.

ಹಡಗು, ನೀರು, ತೀರ. ಜಗತ್ತಿನಲ್ಲಿ ಇದ್ದ ಎಲ್ಲ ಹೋಲಿಕೆಗಳಲ್ಲಿ ಅವನ ಕೈಗೆ ಇದೇ ಸಿಕ್ಕಿತು! ಮುಳುಗಿದ ಆರು ಸಂಪುಟಗಳು ಆಗ ದಿದರೋನ ನೆನಪಿನಲ್ಲಿದ್ದವೇ? ಇದ್ದವು ಎಂದುಕೊಂಡು ಒಮ್ಮೆ ಓದಿದ್ದೇನೆ, ಇರಲಿಲ್ಲ ಎಂದುಕೊಂಡು ಇನ್ನೊಮ್ಮೆ. ಎರಡು ಬಾರಿಯೂ ನನಗೆ ಕಾಣುವ ಚಿತ್ರ ಒಂದೇ: ದೋಣಿಯಲ್ಲಿ ಎಲ್ಲರೂ ಎದ್ದು ನಿಂತು ನೆಲ, ನೆಲ ಎಂದು ಕೂಗುತ್ತಿದ್ದಾರೆ, ಅರವತ್ತು ದಾಟಿದ ಶೆವಲಿಯೆ ಒಬ್ಬ ಮಾತ್ರ ಮುಖ ಜೋತುಬಿಟ್ಟುಕೊಂಡು ಲಿಪಿಕಾರನಿಗೆ ಮುಂದಿನ ಊರಿನ ಹೆಸರು ಹೇಳುತ್ತಿದ್ದಾನೆ.